ತೆಹಿಲ್ಲಾ, ಮತ್ತು ನಾನು ಹಾಕದೆ ಬಿಟ್ಟ ಗೀಟುಗಳು

ಮೊಂತಿ ಹಬ್ಬದ ದಿನ ಬೆಳಿಗ್ಗೆ ಐದಕ್ಕೆ ಎದ್ದವಳು ಎಂದಿನಂತೆ ಒಲೆಯ ಮೇಲೆ ನೀರಿಟ್ಟೆ. ಅದು ಉಗುರುಬೆಚ್ಚಗಾದ ಮೇಲೆ ಲೋಟಕ್ಕೆ ಬಗ್ಗಿಸಿ, ಉಪ್ಪು ಹಾಕಿ, ಹಿತ್ತಿಲ ಮೆಟ್ಟಿಲ ಮೇಲೆ ನಿಂತು ಗಂಟಲು ಮುಕ್ಕಳಿಸಿದೆ. ಮೂರನೆಯ ಸಲ ಬಾಯಿಗೆ ನೀರು ತುಂಬಿಕೊಂಡಾಗಲೇ ನೆನಪಾದದ್ದು: ಇವತ್ತು ಹಾಡುವವಳು ನಾನಲ್ಲ. ನೀರನ್ನು ಕೆಸುವಿನ ಗಿಡದ ಬುಡಕ್ಕೆ ಉಗಿದೆ. ಲೋಟದಲ್ಲಿ ಇನ್ನೂ ಅರ್ಧ ಉಳಿದಿತ್ತು. ಒಳಗೆ ಬಂದು ಅದನ್ನು ಸಿಂಕಿಗೆ ಚೆಲ್ಲಿ, ಲೋಟ ತೊಳೆದು ಮಗುಚಿಟ್ಟೆ.

ಹಬ್ಬದ ಕೆಲಸ ಬೇಕಾದಷ್ಟಿತ್ತು. ಮೊಂತಿ ಹಬ್ಬವೆಂದರೆ ನಮಗೆ ಮರಿಯಮ್ಮನವರ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಹೌದು. ಆ ದಿನ ನಮ್ಮ ಮನೆಗಳಲ್ಲಿ ಮೀನು, ಮಾಂಸ ಇಲ್ಲ. ಬಾಳೆಲೆಯ ಮೇಲೆ ತರಕಾರಿಯ ಪದಾರ್ಥಗಳು ಬೆಸ ಸಂಖ್ಯೆಯಲ್ಲಿರಬೇಕು, ಮೂರು, ಐದು ಅಥವಾ ಏಳು. ನಮ್ಮದು ಯಾವಾಗಲೂ ಐದು. ಕೆಸುವಿನ ದಂಟಿಗೆ ಅಂಬಟೆಕಾಯಿ ಹಾಕಿ ಒಂದು, ಬೆಂಡೆ, ಹೀರೆ, ಅಲಸಂಡೆ, ಹರಿವೆ. ಪೂಜೆಗೆ ಹೋಗುವ ಮೊದಲು ಹೆಚ್ಚಿಟ್ಟುಬಿಟ್ಟರೆ ಬಂದು ಒಗ್ಗರಣೆ ಹಾಕಿದರೆ ಸಾಕು. ಮಣೆ ಹಾಕಿ ಕುಳಿತು ಬೆಂಡೆಕಾಯಿ ಹಿಡಿದೆ.

ಗಂಡ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಅಡಿಗೆಮನೆಗೆ ಇಣುಕಿದರು.

"ಎಂತ, ಇವತ್ತು ರೇಡಿಯೋ ಇಲ್ವಾ?"

ದಿನಾ ಬೆಳಿಗ್ಗೆ ನಾನು ಗುನುಗುವುದಕ್ಕೆ ಅವರು ಇಟ್ಟ ಹೆಸರು ಅದು. ನಾನು ಇನ್ನೊಂದು ಬೆಂಡೆಕಾಯಿ ಎತ್ತಿಕೊಂಡೆ. ಅವರು ಒಂದು ಗಳಿಗೆ ನಿಂತು ಮಣೆಯತ್ತ ನೋಡಿದರು.

"ಅಷ್ಟು ಸಣ್ಣ ಮಾಡಬೇಡ ಮಾರಾಯ್ತಿ. ಪಾಪದ ಬೆಂಡೆಕಾಯಿ, ಅದು ಎಂತ ತಪ್ಪು ಮಾಡಿದೆ?"

ಹಿತ್ತಿಲಿನ ಮೋಟು ಗೋಡೆಯ ಆಚೆ ಟಾರ್ಚಿನ ಬೆಳಕು ಆಡುತ್ತಿತ್ತು. ನಮ್ಮ ಶಂಕರಪುರದಲ್ಲಿ ಮಲ್ಲಿಗೆ ಇಲ್ಲದ ಹಿತ್ತಿಲು ಕಡಿಮೆ. ಪಕ್ಕದ ಮನೆಯ ಅಕ್ಕ ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ಯುತ್ತಾರೆ. ಅರಳಿಬಿಟ್ಟರೆ ಹೂವನ್ನು ಕೇಳುವವರಿಲ್ಲ. ಅವರು ಅಲ್ಲಿ ಕೊಯ್ಯುವಾಗ ನಾನು ಇಲ್ಲಿ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾ ಬರುವ ಭಾನುವಾರದ ಕೀರ್ತನೆಯನ್ನು ಹಾಡಿಕೊಳ್ಳುತ್ತೇನೆ. "ನಿಮ್ಮ ಪದ್ಯ ಮುಗಿಯುವಾಗ ನನ್ನ ಮೂರು ಸಾಲು ಗಿಡ ಮುಗಿಯುತ್ತದೆ ಬಾಯಮ್ಮ" ಎಂದು ಅವರು ಒಮ್ಮೆ ಹೇಳಿದ್ದರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಅಂದು ನಾನು ಬಟ್ಟೆಯನ್ನು ಸದ್ದಿಲ್ಲದೆ ಒಗೆದೆ. ಹಬ್ಬದ ದಿನ ಒಗೆಯುವ ಅಗತ್ಯವೂ ಇರಲಿಲ್ಲ.

ಹತ್ತೊಂಬತ್ತು ವರ್ಷ ಆ ಹಬ್ಬದ ಪೂಜೆಯಲ್ಲಿ ಕೀರ್ತನೆ ಹಾಡಿದವಳು ನಾನು. ಪೂಜೆಯಲ್ಲಿ ಮೊದಲ ವಾಚನ ಮುಗಿದ ಮೇಲೆ ಒಬ್ಬರು ಎದ್ದು ವಾಚನ ಪೀಠದಲ್ಲಿ ನಿಂತು ಕೀರ್ತನೆಯ ಚರಣಗಳನ್ನು ಹಾಡುತ್ತಾರೆ. ಒಂದೊಂದು ಚರಣ ಮುಗಿದ ಕೂಡಲೇ ಜನರೆಲ್ಲ ಸೇರಿ ಪಲ್ಲವಿ ಹಾಡುತ್ತಾರೆ. ಒಬ್ಬರು ಕರೆದ ಹಾಗೆ, ಊರೇ ಓಗೊಟ್ಟ ಹಾಗೆ. ಬೇರೆ ಭಾನುವಾರಗಳಲ್ಲಿ ಯಾರು ಬೇಕಾದರೂ ಹಾಡಲಿ, ಮೊಂತಿ ಹಬ್ಬಕ್ಕೆ ನಾನೇ ಎಂಬುದು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬರೆದಿಡುವ ಅಗತ್ಯವೇ ಇಲ್ಲವೆಂದು ನಾನು ತಿಳಿದುಕೊಂಡಿದ್ದೆ.

ಈ ಸಲ ನನ್ನ ಬದಲು ಹಾಡಬೇಕಿದ್ದವಳು ಊರಿಗೆ ಬಂದದ್ದು ಹಿಂದಿನ ವರ್ಷ. ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ, ಮದುವೆಯಾಗಿ ಹೋದದ್ದು ದೋಹಾಕ್ಕೆ. ಈಗ ಮಣಿಪಾಲದಲ್ಲಿ ಕೆಲಸ. ಮೊದಲು ಪರ್ಕಳದಲ್ಲಿ ಬಾಡಿಗೆಗೆ ಇದ್ದು, ಗಂಡನ ಪಾಲಿಗೆ ಬಂದ ಜಾಗದಲ್ಲಿ ಇಲ್ಲಿ ಮನೆ ಕಟ್ಟಿಸಿದರು. ಊರಿನವರ ಬಾಯಲ್ಲಿ ಅವಳು ದೋಹಾದವಳು. ನಾನು ಮನಸ್ಸಿನಲ್ಲಿ ಹಾಗೆಂದೂ ಕರೆಯುತ್ತಿರಲಿಲ್ಲ, ಬರೇ "ಅವಳು". ನನಗಿಂತ ಎಂಟೇ ವರ್ಷ ಚಿಕ್ಕವಳು, ಆದರೂ ಸಿಕ್ಕಿದ ಮೊದಲ ದಿನವೇ ನನ್ನನ್ನು ಆಂಟಿ ಎಂದಳು. ಅವಳ ಉಗುರುಗಳು ಅಚ್ಚುಕಟ್ಟು. ಕ್ವಾಯರಿನ ಅಭ್ಯಾಸಕ್ಕೆ ಬರುವಾಗ ಸ್ಟೀಲಿನ ಬಾಟಲಿಯಲ್ಲಿ ಬಿಸಿನೀರು ತರುತ್ತಿದ್ದಳು. ನನ್ನದು ಸೋಡಾ ಕುಡಿದು ಉಳಿದ ಪ್ಲಾಸ್ಟಿಕ್ ಬಾಟಲಿ. ಇಂಥ ಚಿಕ್ಕ ಸಂಗತಿಗಳನ್ನು ನೋಡುವ ಕಣ್ಣು ನನಗೆ ಮೊದಲಿನಿಂದಲೂ ಉಂಟು. ಆ ವರ್ಷ ಅದು ಅವಳೊಬ್ಬಳ ಮೇಲೆಯೇ ಇತ್ತು.

ಸ್ವರದ ಮಾತು ಹೇಳಲೇಬೇಕು. ಅವಳ ಸ್ವರ ಚೆನ್ನಾಗಿತ್ತು. ಚೆನ್ನಾಗಿತ್ತು ಎಂದು ಈಗ ಬರೆಯುತ್ತಿದ್ದೇನೆ. ಆಗ ಯಾರಾದರೂ ಕೇಳಿದರೆ "ಹ್ಞೂಂ, ತರಬೇತಿ ಆಗಿದೆ" ಎನ್ನುತ್ತಿದ್ದೆ.

ಆಗಸ್ಟಿನಲ್ಲಿ ಒಂದು ಸಂಜೆ ಅಭ್ಯಾಸಕ್ಕೆ ಸೇರಿದ್ದೆವು. ಅವಳು ದೋಹಾದಲ್ಲಿದ್ದಾಗ ಯಾವುದೋ ಬೈಬಲ್ ತರಗತಿಗೆ ಹೋಗಿ ಸ್ವಲ್ಪ ಹೀಬ್ರೂ ಕಲಿತಿದ್ದಳಂತೆ. ಫಾದರ್ ಅವಳಿಗೆ ಎರಡು ಮಾತು ಹೇಳಲು ಹೇಳಿದರು. ಅವಳು ನಾಚುತ್ತಲೇ ಎದ್ದು ನಿಂತಳು.

"ನಾವು ಕೀರ್ತನೆ ಅನ್ನುತ್ತೇವಲ್ಲ, ಅದಕ್ಕೆ ಹೀಬ್ರೂವಿನಲ್ಲಿ ಒಂದು ಪದ ಉಂಟು, ತೆಹಿಲ್ಲಾ. ಹೊಗಳಿಕೆಯ ಹಾಡು ಅಂತ. ಇಡೀ ಕೀರ್ತನೆಗಳ ಪುಸ್ತಕಕ್ಕೇ ಅವರು ತೆಹಿಲ್ಲಿಂ ಅಂತ ಕರೆಯುವುದು, ಹೊಗಳಿಕೆಗಳು ಅಂತ."

ನಮ್ಮ ಕ್ವಾಯರಿನಲ್ಲಿ ತಗ್ಗಿನ ಸ್ವರದಲ್ಲಿ ಹಾಡುವ ಒಬ್ಬರು ಹಿರಿಯರಿದ್ದಾರೆ. ಅವರು ಬೆಂಚಿನಿಂದಲೇ, "ಹಾಗಾದರೆ ನಾವು ಇಷ್ಟು ವರ್ಷ ಹಾಡಿದ್ದು ಎಂತ ಮಾರಾಯ್ರೆ, ಅಡ್ಗೂಲಜ್ಜಿ ಕಥೆಯಾ?" ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ನನಗೆ ನಗು ಬರಲಿಲ್ಲ. ಅವರು ತಮಾಷೆಗೆ ಕೇಳಿದ ಪ್ರಶ್ನೆಯೇ ನನ್ನದೂ ಆಗಿತ್ತು. ಹತ್ತೊಂಬತ್ತು ವರ್ಷ ನಾನು ಒಂದು ವಸ್ತುವನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ, ಅದರ ಹೆಸರನ್ನು ನಿನ್ನೆ ಬಂದವಳು ಹೇಳಿಕೊಡುತ್ತಿದ್ದಳು.

"ಅದರಲ್ಲಿ ಅಳುವ ಹಾಡುಗಳೂ ಉಂಟಲ್ಲ?" ಎಂದೆ. ನನ್ನ ಸ್ವರ ನಾನು ಬಯಸಿದ್ದಕ್ಕಿಂತ ತುಸು ಗಟ್ಟಿಯಾಗಿ ಬಂತು. "ದೂರುಗಳು ಉಂಟು. ಕೋಪ ಉಂಟು. ಹೊಟ್ಟೆಕಿಚ್ಚೂ ಉಂಟು. ಅದೆಲ್ಲ ಹೇಗೆ ಹೊಗಳಿಕೆ ಆಗುತ್ತದೆ?"

"ಅದೇ ಆಂಟಿ, ನನಗೂ ಆಶ್ಚರ್ಯ!" ಎಂದಳು. ನಾನು ಅವಳ ಪರವಾಗಿಯೇ ಮಾತಾಡಿದೆನೋ ಎಂಬಂತೆ ಅವಳ ಮುಖ ಅರಳಿತು. "ಅಳುವವನ ಹಾಡನ್ನೂ ಸೇರಿಸಿ ಹೊಗಳಿಕೆ ಅಂತಲೇ ಕರೆದಿದ್ದಾರೆ. ನಮ್ಮ ಮೇಡಂ ಹೇಳುತ್ತಿದ್ದರು, ತೆಹಿಲ್ಲಾ ಅಂದರೆ ಮುಖ ತಿರುಗಿಸುವುದು ಅಂತ ತಿಳಿದುಕೊಳ್ಳಿ, ತನ್ನ ಕಡೆಯಿಂದ ಇನ್ನೊಬ್ಬರ ಕಡೆಗೆ. ಅಳುತ್ತಾ ಇದ್ದರೂ ಸರಿ, ಯಾರ ಕಡೆ ನೋಡಿ ಅಳುತ್ತೇವೆ ಅನ್ನುವುದು ಮುಖ್ಯ ಅಂತ."

ಫಾದರ್ ತಲೆದೂಗಿದರು. ಆಮೇಲೆ ನನ್ನತ್ತ ತಿರುಗಿ, ಬಹಳ ಪ್ರೀತಿಯಿಂದಲೇ, "ಈ ಸಲ ಹಬ್ಬಕ್ಕೆ ಹೊಸ ಸ್ವರ ಕೇಳೋಣ ಅಲ್ವಾ? ನಿಮಗೂ ಸ್ವಲ್ಪ ವಿಶ್ರಾಂತಿ" ಎಂದರು. ನಾನು ಕೂಡಲೇ "ಖಂಡಿತ ಫಾದರ್" ಎಂದೆ. ಕಾರ್ಕಳದ ಕಾನ್ವೆಂಟಿನಲ್ಲಿ ಏಳು ವರ್ಷ ಇದ್ದವಳು ನಾನು. ಮನಸ್ಸಿನಲ್ಲಿ ಏನೇ ಇರಲಿ, ಮುಖದ ಮೇಲೆ ಇಸ್ತ್ರಿ ಹಾಕಿರಬೇಕು ಎಂಬುದು ಅಲ್ಲಿಯ ಮೊದಲ ಪಾಠ.

ಮನೆಗೆ ಬಂದು ಹಾಲು ಒಲೆಯ ಮೇಲಿಟ್ಟು, ಅದು ಉಕ್ಕುವವರೆಗೆ ಮೊಬೈಲಿನಲ್ಲಿ ಆ ಪದವನ್ನು ಹುಡುಕಿದೆ. ಅವಳು ಹೇಳಿದ್ದು ತಪ್ಪಾಗಿರಲಿ ಎಂದೇ ಹುಡುಕಿದ್ದು. ತಪ್ಪಾಗಿರಲಿಲ್ಲ. ಹೊಗಳಿಕೆ, ಹೊಗಳಿಕೆಯ ಹಾಡು, ಪೂಜೆಯಲ್ಲಿ ಹಾಡಿ ಹೊಗಳುವುದು. ಅಲ್ಲೆಲೂಯಾ ಎಂಬ ಮಾತಿನ ಬೇರೂ ಅದೇ ಎಂದು ಅಲ್ಲಿತ್ತು. ಅಲ್ಲೆಲೂಯಾ! ಅದನ್ನು ನಾನು ಎಷ್ಟು ಸಾವಿರ ಸಲ ಹಾಡಿಲ್ಲ. ಒಂದು ಸಂಗತಿ ಮಾತ್ರ ಸ್ವಲ್ಪ ಸಮಾಧಾನ ಕೊಟ್ಟಿತು. ಪುಸ್ತಕಕ್ಕೆ ಆ ಹೆಸರಿದ್ದರೂ ಒಳಗಿನ ಕೀರ್ತನೆಗಳ ಪೈಕಿ ತಲೆಬರಹದಲ್ಲಿ ಆ ಪದ ಇರುವುದು ಒಂದೇ ಒಂದಕ್ಕಂತೆ. ಅದನ್ನು ಅವಳು ಹೇಳಿರಲಿಲ್ಲ. ಗೊತ್ತಿಲ್ಲವೇನೋ! ಮುಂದಿನ ಅಭ್ಯಾಸದಲ್ಲಿ ಎಲ್ಲರ ಎದುರು ಹಗುರವಾಗಿ ಹೇಳಬೇಕೆಂದು ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.

ಆ ವಾಕ್ಯ ಹೇಳಲು ನನಗೆ ಸಂದರ್ಭವೇ ಸಿಗಲಿಲ್ಲ. ಪದ ಮಾತ್ರ ತಲೆಯಲ್ಲಿ ಉಳಿಯಿತು. ನಮ್ಮ ಕೊಂಕಣಿಯಲ್ಲಿ ಹೊಗಳುವುದಕ್ಕೆ ಕನ್ನಡದಿಂದ ಬಂದ ಮಾತೇ ಇರುವುದು. ಮರಿಯಮ್ಮನವರಿಗೆ, ದೇವರಿಗೆ ಅದನ್ನು ಧಾರಾಳವಾಗಿ ಬಳಸುತ್ತೇವೆ, ಮನುಷ್ಯರಿಗೆ ಬಳಸುವುದು ಕಡಿಮೆ. ನಾನು ಹಾಡಿದ ದಿನಗಳಲ್ಲಿ ಪೂಜೆ ಮುಗಿಸಿ ಹೊರಬಂದರೆ ಮುದುಕಿಯರು ಹೆಚ್ಚೆಂದರೆ, "ಇವತ್ತು ಗಂಟಲು ಸರಿ ಇತ್ತು ನಿನ್ನದು" ಎನ್ನುತ್ತಿದ್ದರು. ಅಷ್ಟೇ ನನಗೆ ಬಂದ ತೆಹಿಲ್ಲಾ. ನಾನು ಅದನ್ನು ಮನೆಯವರೆಗೆ ಹೊತ್ತು ತಂದು, ಅನ್ನ ಬಾಗಿಸಿ ಗಂಜಿ ಬಸಿಯುವಾಗ ಇನ್ನೊಮ್ಮೆ ತೆಗೆದು ನೋಡುತ್ತಿದ್ದೆ. ಅದೇ ಮುದುಕಿಯರು ಅವಳ ಎರಡೂ ಕೈ ಹಿಡಿದುಕೊಂಡು ಮಾತಾಡಿಸುವುದನ್ನು ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ನಿಂತು ನೋಡಿದ್ದೇನೆ.

ಇನ್ನು ಆ ಹಾಳೆಯ ವಿಷಯಕ್ಕೆ ಬರುತ್ತೇನೆ.

ನಮ್ಮ ಕೊಂಕಣಿಯನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತೇವೆ. ಮುಂಬಯಿಯಲ್ಲಿ ಬೆಳೆದ ಅವಳಿಗೆ ಕೊಂಕಣಿ ಮಾತಾಡಲು ಬರುತ್ತದೆ, ಕನ್ನಡ ಅಕ್ಷರ ಓದಲು ಬರುವುದಿಲ್ಲ. ಬೇರೆ ಹಾಡುಗಳನ್ನು ಕೇಳಿ ಬಾಯಿಪಾಠ ಮಾಡುತ್ತಿದ್ದಳು. ಒಬ್ಬಳೇ ನಿಂತು ಕೀರ್ತನೆ ಹಾಡಬೇಕಾದರೆ ಎದುರಿಗೆ ಬರಹ ಇರಲೇಬೇಕು. "ಇಂಗ್ಲಿಷ್ ಅಕ್ಷರದಲ್ಲಿ ಯಾರಾದರೂ ಬರೆದುಕೊಟ್ಟರೆ..." ಎಂದು ಅವಳು ಸಂಕೋಚದಿಂದ ಹೇಳಿದಾಗ ಫಾದರ್ ನನ್ನ ಕಡೆ ನೋಡಿದರು. "ನಿಮ್ಮ ಕೈಬರಹ ಚಂದ. ನೀವೇ ಬರೆದುಕೊಡಿ."

ನನ್ನ ಜಾಗ ಹೋಯಿತು. ಹೋದ ಜಾಗಕ್ಕೆ ಚಾಪೆ ಹಾಸಿಕೊಡುವ ಕೆಲಸವೂ ನನಗೇ ಬಂತು.

ಕಾನ್ವೆಂಟಿನಲ್ಲಿ ನಮಗೆ ಸಂಗೀತ ಕಲಿಸಿದ ಸಿಸ್ಟರ್ ಹಾಡಿನ ಹಾಳೆಗಳ ಮೇಲೆ ಪೆನ್ಸಿಲಿನಿಂದ ಸಣ್ಣ ಸಣ್ಣ ಗೀಟು ಹಾಕುತ್ತಿದ್ದರು. ಪದಗಳ ನೆತ್ತಿಯ ಮೇಲೆ, ಅಕ್ಕಿಯ ನುಚ್ಚಿನಷ್ಟು ಚಿಕ್ಕದು. ಅಲ್ಲಿ ಉಸಿರು ತೆಗೆದುಕೊಳ್ಳಬೇಕು. "ಉಸಿರನ್ನು ಕದಿಯಬೇಕು ಮಗಾ. ಕದ್ದದ್ದು ಯಾರಿಗೂ ಗೊತ್ತಾಗಬಾರದು" ಎನ್ನುತ್ತಿದ್ದರು. ತಮ್ಮ ಹೊಟ್ಟೆಯ ಮೇಲೆ ನಮ್ಮ ಅಂಗೈ ಇರಿಸಿಕೊಂಡು ಹಾಡಿ ತೋರಿಸುತ್ತಿದ್ದರು. ಆ ಬಿಳಿ ಬಟ್ಟೆಯಿಂದ ಕರ್ಪೂರದ ಗುಳಿಗೆಯ ವಾಸನೆ ಬರುತ್ತಿತ್ತು. ಅಂದಿನಿಂದ ನಾನು ಬರೆದುಕೊಂಡ ಒಂದು ಹಾಳೆಯೂ ಗೀಟಿಲ್ಲದೆ ಇಲ್ಲ. ಕ್ವಾಯರಿನ ಯಾರಿಗೆ ಬರೆದುಕೊಟ್ಟರೂ ಗೀಟು ಹಾಕಿಯೇ ಕೊಡುತ್ತೇನೆ. ಅದು ನನ್ನ ಹಾಳೆ ಎಂದು ಗುರುತಾಗುವುದೇ ಅದರಿಂದ.

ಊಟದ ಮೇಜಿನ ಮೇಲೆ ಗೆರೆಯಿಲ್ಲದ ಬಿಳಿ ಹಾಳೆ ಇಟ್ಟು, ಅದರ ಕೆಳಗೆ ಗೆರೆಯ ಹಾಳೆ ಸೇರಿಸಿ, ನೀಲಿ ಶಾಯಿಯಲ್ಲಿ ಬರೆದೆ. ಪಲ್ಲವಿ, ಮೊದಲ ಚರಣ, ಎರಡನೆಯ ಚರಣ. ದೀರ್ಘ ಬಂದಲ್ಲಿ ಅಕ್ಷರವನ್ನು ಎರಡು ಸಲ ಬರೆದೆ. ಮೂಗಿನ ಸ್ವರಕ್ಕೆ ಮೇಲೊಂದು ಡೊಂಕು ಗೆರೆ ಎಳೆದೆ. ಒಂದು ತಪ್ಪೂ ಇರಲಿಲ್ಲ. ಎರಡನೆಯ ಚರಣದ ಸಾಲು ಬಹಳ ಉದ್ದ. ಅದು ನಿಧಾನವಾಗಿ ಮೇಲೇರಿ, ಅಲ್ಲಿಂದ ಇಳಿಯುತ್ತದೆ. ಏರುವ ಮೊದಲು, ಮೂರನೆಯ ಪದದ ಬಳಿಕ ಉಸಿರು ಕದಿಯದಿದ್ದರೆ ನಡುವೆ ಸಿಕ್ಕಿಹಾಕಿಕೊಳ್ಳುವುದು ಖಂಡಿತ. ಮೊದಲ ವರ್ಷ ನಾನೂ ಸಿಕ್ಕಿಹಾಕಿಕೊಂಡಿದ್ದೆ.

ಕೈಯಲ್ಲಿ ಪೆನ್ಸಿಲ್ ಹಿಡಿದೆ. ಮೊನೆ ಸರಿ ಇತ್ತು. ಆದರೂ ಅದನ್ನು ಇನ್ನೊಮ್ಮೆ ಕೆತ್ತಿ ಚೂಪು ಮಾಡಿದೆ. ಕೆತ್ತಿದ ಸಿಪ್ಪೆಯನ್ನು ಅಂಗೈಯಿಂದ ಒರೆಸಿ ತೆಗೆದೆ. ಪೆನ್ಸಿಲನ್ನು ಡಬ್ಬಿಯೊಳಗಿಟ್ಟು ಮುಚ್ಚಿದೆ. ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅವಳಿಗೆ ಕೊಟ್ಟೆ.

ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, "ಆಂಟಿ, ಇದು ಕೈಯಲ್ಲಿ ಬರೆದದ್ದಾ? ಪ್ರಿಂಟ್ ಮಾಡಿದ ಹಾಗೆ ಉಂಟಲ್ಲ!" ಎಂದಳು.

ನಾನು ಸುಳ್ಳು ಬರೆದಿರಲಿಲ್ಲ. ಯಾವ ಪದವನ್ನೂ ಬಿಟ್ಟಿರಲಿಲ್ಲ. ಮುಂದಿನ ಸಲ ಪಾಪನಿವೇದನೆಗೆ ಹೋದರೆ ಇದನ್ನು ಯಾವ ಪಾಪದ ಕೆಳಗೆ ಸೇರಿಸುವುದೆಂದು ನನಗೆ ಗೊತ್ತಿರಲಿಲ್ಲ. ಅಕ್ಕಿಯ ನುಚ್ಚಿನಷ್ಟು ದೊಡ್ಡ ಗೀಟುಗಳು, ಹೆಚ್ಚೆಂದರೆ ಒಂಬತ್ತು.

ಹಬ್ಬದ ಬೆಳಿಗ್ಗೆ ಇಗರ್ಜಿಯ ಅಂಗಳದಲ್ಲಿ ಮಳೆ ಬಿಟ್ಟಿತ್ತು. ಮಕ್ಕಳು ತಟ್ಟೆಗಳಲ್ಲಿ ಹೂ ಹಿಡಿದುಕೊಂಡು ಬಂದು, ಬಾಲೆ ಮರಿಯಮ್ಮನ ಮೂರ್ತಿಯ ಮುಂದೆ ಹಿಡಿಹಿಡಿಯಾಗಿ ಎರಚಿದರು. ದಾಸವಾಳ, ಗೋರಂಟೆ, ಯಾರದೋ ಬೇಲಿಯ ಅಬ್ಬಲಿಗೆ. ಹೊಸ ತೆನೆಗಳ ಆಶೀರ್ವಾದವಾಯಿತು. ಜನ ಒಳಗೆ ಹಿಡಿಸದೆ ಅಂಗಳದಲ್ಲೂ ನಿಂತಿದ್ದರು. ಅವರಿಗೆ ಕೇಳಲೆಂದು ಹೊರಗೆ ಎರಡು ದೊಡ್ಡ ಸ್ಪೀಕರ್ ಕಟ್ಟಿದ್ದರು. ಇಗರ್ಜಿಗೂ ನಮ್ಮ ಮನೆಗೂ ನಡುವೆ ಮೂರು ಗದ್ದೆ. ಹಬ್ಬದ ದಿನ ಪೂಜೆಯ ಸದ್ದು ನಮ್ಮ ಹಿತ್ತಿಲಿನವರೆಗೂ ಕೇಳುತ್ತದೆ.

ಕ್ವಾಯರಿನ ಬೆಂಚಿನಲ್ಲಿ ನನ್ನ ಜಾಗ ಮೊದಲ ಸಾಲಿನ ಕೊನೆಗೆ. ಕ್ವಾಯರಿನ ಮೈಕು ನಿಲ್ಲಿಸುವುದು ಅಲ್ಲೇ, ನನ್ನ ಮುಖದ ಎದುರಿಗೇ. ಅದರ ಕೆಂಪು ದೀಪ ಉರಿಯುತ್ತಿತ್ತು. ನನಗೆ ಅದು ಕಂಡಿತ್ತು. ಆದರೆ ನನ್ನ ಗಮನ ಅದರ ಮೇಲೆ ಇರಲಿಲ್ಲ.

ವಾಚನ ಮುಗಿಯಿತು. ಅವಳು ಎದ್ದಳು. ತಿಳಿಹಸಿರು ರೇಷ್ಮೆ ಸೀರೆ, ಸೆರಗನ್ನು ಪಿನ್ನು ಹಾಕಿ ಸರಿಯಾಗಿ ನಿಲ್ಲಿಸಿದ್ದಳು, ಮುಡಿಯಲ್ಲಿ ನಮ್ಮೂರಿನದೇ ಮಲ್ಲಿಗೆ. ನನ್ನ ಹಾಳೆಯನ್ನು ಪೀಠದ ಮೇಲೆ ಇರಿಸಿ ಅಂಗೈಯಿಂದ ಸವರಿದಳು. ಪಲ್ಲವಿ ಹಾಡಿಕೊಟ್ಟಳು, ಜನ ಹಾಡಿದರು. ಮೊದಲ ಚರಣ ನೀರಿನ ಹಾಗೆ ಹೋಯಿತು. ಜನ ಮತ್ತೆ ಪಲ್ಲವಿ ಹಾಡಿದರು. ನನ್ನ ಪಕ್ಕದಲ್ಲಿದ್ದ ತಗ್ಗಿನ ಸ್ವರದ ಹಿರಿಯರು ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ನನ್ನ ಕೀರ್ತನೆಗೆ ಅವರು ತಲೆ ಆಡಿಸಿದ್ದನ್ನು ನಾನು ಕಂಡಿಲ್ಲ. ಆಡಿಸಿದ್ದರೂ ಪೀಠದಲ್ಲಿ ನಿಂತವಳಿಗೆ ಕಾಣುತ್ತಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಎರಡನೆಯ ಚರಣ. ಮೂರನೆಯ ಪದ ಬಂತು, ದಾಟಿತು. ಅವಳು ಉಸಿರು ಕದಿಯಲಿಲ್ಲ. ಸ್ವರ ಏರತೊಡಗಿತು. ನನ್ನ ಹೊಟ್ಟೆ ತಾನಾಗಿ ಒಳಗೆ ಎಳೆದುಕೊಂಡಿತು, ಹಾಡುವವಳು ನಾನೇ ಎಂಬಂತೆ. ಏರಿನ ಮುಕ್ಕಾಲಿಗೆ ತಲಪುವಾಗ ಅವಳ ಸ್ವರ ತೆಳುವಾಯಿತು, ಆಮೇಲೆ ನಿಂತಿತು. ಕೀಬೋರ್ಡಿನವನ ಬೆರಳುಗಳು ಗಾಳಿಯಲ್ಲೇ ಉಳಿದವು. ಅವಳು ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದಳು.

ಆ ಖಾಲಿ ಜಾಗದಲ್ಲಿ ಪಲ್ಲವಿ ಎದ್ದಿತು.

ಸಾಲು ಮುಗಿದಿರಲಿಲ್ಲ, ಚರಣವೂ ಮುಗಿದಿರಲಿಲ್ಲ. ಜನರಿಗೆ ಅದು ಗೊತ್ತಾಗುವುದಿಲ್ಲ. ಅವರು ಕ್ವಾಯರನ್ನು ಹಿಂಬಾಲಿಸುತ್ತಾರೆ. ಕ್ವಾಯರು ಮೊದಲು ಎತ್ತಿದವರನ್ನು ಹಿಂಬಾಲಿಸುತ್ತದೆ. ಮೊದಲು ಎತ್ತಿದ ಸ್ವರ ನನ್ನದು. ಹತ್ತೊಂಬತ್ತು ವರ್ಷದ ಅಭ್ಯಾಸ, ಸ್ವರ ನಿಂತ ಕೂಡಲೇ ಬಾಯಿ ತಾನಾಗಿ ತೆರೆಯಿತು ಎನ್ನಬಹುದು. ಹಾಗೆಂದು ನನಗೇ ನಾನು ಹಲವು ಸಲ ಹೇಳಿಕೊಂಡೂ ಇದ್ದೇನೆ. ಆದರೆ ಆ ಸಾಲು ಮುಗಿದಿಲ್ಲವೆಂದು ಆ ಇಡೀ ಇಗರ್ಜಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ನನಗೆ. ಗೊತ್ತಿದ್ದೂ ಎತ್ತಿದೆ. ಎತ್ತಿದಾಗ ಎದೆಯಲ್ಲಿ ಏನೋ ಒಂದು ಬೆಚ್ಚಗೆ ಹರಡಿತು. ಊರೆಲ್ಲ ನನ್ನ ಹಿಂದೆ ಬಂತು.

ಅವಳು ಪೀಠದಲ್ಲಿ ಸುಮ್ಮನೆ ನಿಂತು, ಜನ ಹಾಡಿ ಮುಗಿಸುವವರೆಗೆ ಕಾದಳು. ಮುಖ ಕೆಂಪಾಗಿತ್ತು. ಆದರೂ ನಕ್ಕಳು, ಆಟದಲ್ಲಿ ಬಿದ್ದು ಎದ್ದ ಮಗುವಿನ ಹಾಗೆ. ಮತ್ತೆ ಆ ಸಾಲನ್ನು ಮೊದಲಿನಿಂದ ಹಿಡಿದಳು. ಮೂರನೆಯ ಪದ ಬಂತು. ಅವಳ ಹೆಗಲು ಅಲುಗಲಿಲ್ಲ, ಆದರೆ ಸೆರಗಿನ ಪಿನ್ನು ಅಷ್ಟೇ ಅಷ್ಟು ಮೇಲೆದ್ದು ಕೆಳಗಿಳಿಯಿತು. ಕದ್ದಳು. ಯಾರೂ ಗೀಟು ಹಾಕಿಕೊಡದೆ, ಎಲ್ಲಿ ಕದಿಯಬೇಕೋ ಅಲ್ಲೇ. ಸ್ವರ ಏರಿತು, ತುದಿಯಲ್ಲಿ ಒಂದು ಗಳಿಗೆ ನಿಂತು ಇಳಿಯಿತು. ಹೊರಗೆ ಅಂಗಳದಲ್ಲಿ ಮಕ್ಕಳ ಗಲಾಟೆ ಕೂಡ ನಿಂತಿದ್ದಂತೆ ನನಗೆ ತೋರಿತು. ಅನಂತರ ಜನ ಪಲ್ಲವಿ ಹಾಡಿದ್ದು ಅಂದಿನ ಮಟ್ಟಿಗೆ ಎಲ್ಲಕ್ಕಿಂತ ಜೋರಾಗಿ. ನಾನು ತುಟಿ ಮಾತ್ರ ಆಡಿಸಿದೆ.

ಪೂಜೆ ಮುಗಿದು ಮಕ್ಕಳಿಗೆ ಕಬ್ಬು ಹಂಚುವಾಗ ಅವಳು ನನ್ನನ್ನು ಹುಡುಕಿಕೊಂಡು ಬಂದಳು. ಕೈಯಲ್ಲಿ ಆ ಹಾಳೆ ಇತ್ತು.

"ಎರಡನೇ ಚರಣದಲ್ಲಿ ನಾನು ಹಾಳು ಮಾಡಿದೆ ಅಲ್ವಾ ಆಂಟಿ?"

"ಯಾರಿಗೂ ಗೊತ್ತಾಗಲಿಲ್ಲ" ಎಂದೆ.

"ಉಸಿರು ಎಲ್ಲಿ ತೆಗೆಯುವುದು ಅಂತ ನಿಮ್ಮ ಹತ್ತಿರ ಕೇಳಬೇಕಿತ್ತು. ಕೇಳದೇ ಇದ್ದದ್ದು ನನ್ನದೇ ತಪ್ಪು. ಮತ್ತೆ ಜನ ಬೇಗ ಪಲ್ಲವಿ ಎತ್ತಿಬಿಟ್ಟರು, ಒಂದು ಗಳಿಗೆ ನನ್ನ ಜೀವವೇ ಹೋಯಿತು."

"ಹೌದು, ಜನ ಹಾಗೆಯೇ" ಎಂದೆ. "ನಿಂತ ಕಡೆ ಹಾಡಿಬಿಡುತ್ತಾರೆ."

ಅವಳು ಹಾಳೆಯನ್ನು ಎದೆಗೆ ಒತ್ತಿಕೊಂಡು, "ಇದನ್ನು ನಾನೇ ಇಟ್ಟುಕೊಳ್ಳಲಾ?" ಎಂದಳು. ಹ್ಞೂಂ ಎಂದೆ. ಅವಳು ಹೋಗದೆ ನಿಂತಿದ್ದಳು. ಏನನ್ನೋ ಕಾಯುತ್ತಿದ್ದಳು. ಏನನ್ನು ಕಾಯುತ್ತಿದ್ದಳೆಂದು ನನಗಲ್ಲದೆ ಇನ್ಯಾರಿಗೆ ತಿಳಿಯಬೇಕು? ನಾನೂ ಅಂಥದೇ ಅಂಗಳದಲ್ಲಿ ಅಷ್ಟು ವರ್ಷ ಚಪ್ಪಲಿ ಹುಡುಕುವ ನೆಪದಲ್ಲಿ ನಿಂತವಳು. ಚೆನ್ನಾಗಿ ಹಾಡಿದೆ ಎಂಬ ಎರಡು ಪದ ಸಾಕಿತ್ತು. ಅವು ನಾಲಿಗೆಯವರೆಗೆ ಬಂದವು. ಮುಖ ತಿರುಗಿಸುವುದು, ತನ್ನ ಕಡೆಯಿಂದ ಇನ್ನೊಬ್ಬರ ಕಡೆಗೆ ಎಂದು ಇದೇ ಹೆಂಗಸು ಹೇಳಿದ್ದೂ ನೆನಪಾಯಿತು.

"ಸೀರೆ ಚಂದ ಉಂಟು" ಎಂದೆ.

"ಹೌದಾ? ಉಡುಪಿಯಲ್ಲಿ ತೆಗೊಂಡದ್ದು" ಎಂದು ನಕ್ಕು, ಸ್ವಲ್ಪ ತಡೆದು, ಹೊರಟುಹೋದಳು.

ಮಧ್ಯಾಹ್ನ ಬಾಳೆಲೆಯಲ್ಲಿ ಐದು ಪದಾರ್ಥ ಬಡಿಸಿದೆ. ಹೊಸ ಭತ್ತದ ಕಾಳುಗಳನ್ನು ಉಗುರಿನಲ್ಲಿ ಸುಲಿದು, ಕುಟ್ಟಿ, ತೆಂಗಿನಹಾಲಿಗೆ ಹಾಕಿ ಮೊದಲು ಎಲ್ಲರೂ ಒಂದೊಂದು ಗುಟುಕು ಕುಡಿದೆವು. ಗಂಡ ಬೆಂಡೆಕಾಯಿಯನ್ನು ಬೆರಳಿನಲ್ಲಿ ಹುಡುಕುತ್ತಾ, "ಇದರಲ್ಲಿ ಬೆಂಡೆ ಎಲ್ಲುಂಟು, ಬರೇ ಬೀಜ" ಎಂದರು. ಕೀರ್ತನೆಯ ಮಾತು ಎತ್ತಲಿಲ್ಲ. ಅವರು ಅಂಗಳದಲ್ಲಿ ಯಾರೊಡನೆಯೋ ಮಾತಾಡುತ್ತಾ ನಿಂತಿದ್ದವರು, ಅವರಿಗೆ ಏನೂ ಗೊತ್ತಾಗಿರಲಿಲ್ಲ. ಯಾರಿಗೂ ಗೊತ್ತಾಗಿರಲಿಲ್ಲ. ಪಾತ್ರೆ ತೊಳೆಯುವಾಗ ನಾನು ಅದನ್ನೇ ಮತ್ತೆ ಮತ್ತೆ ಲೆಕ್ಕ ಹಾಕಿದೆ. ಫಾದರಿಗೆ ಗೊತ್ತಾಗಿಲ್ಲ. ಕೀಬೋರ್ಡಿನವನಿಗೆ ಗೊತ್ತಾಗಿಲ್ಲ. ಅವಳಿಗಂತೂ ಇಲ್ಲವೇ ಇಲ್ಲ. ಅವಳಿಗೆ ಅದು ಜನರ ಅವಸರ, ಹಬ್ಬದ ಗದ್ದಲ. ನನಗೆ ಹಗುರವಾಗಬೇಕಿತ್ತು.

ಸಂಜೆ ಒಂದು ಬಟ್ಟಲಿನಲ್ಲಿ ಪಾಯಸ, ಇನ್ನೊಂದರಲ್ಲಿ ಕೆಸುವಿನ ದಂಟಿನ ಪದಾರ್ಥ ತೆಗೆದುಕೊಂಡು ಹಿತ್ತಿಲ ಗೋಡೆಯ ಹತ್ತಿರ ಹೋದೆ. ಪ್ರತಿ ವರ್ಷವೂ ಹಬ್ಬದ್ದು ಆಚೆ ಮನೆಗೆ ಹೋಗುತ್ತದೆ. ಅಷ್ಟಮಿಗೆ ಅಲ್ಲಿಂದ ಮೂಡೆ, ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ, ಈಚೆ ಬರುತ್ತದೆ. ಅಕ್ಕ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ನಾಳೆಯ ಹೂವಿಗೆ ನೆನೆಸಿದ ಬಾಳೆನಾರನ್ನು ಉಗುರಿನಲ್ಲಿ ಸೀಳುತ್ತಿದ್ದರು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬಂದಿರಾ ಬಾಯಮ್ಮ? ಅಂಬಟೆಕಾಯಿ ಹಾಕಿದ್ದೀರಲ್ವಾ?"

"ಹಾಕಿದ್ದೇನೆ. ಹುಳಿ ಸ್ವಲ್ಪ ಹೆಚ್ಚಾಗಿದೆ."

"ಇರಲಿ, ಹುಳಿ ಇದ್ದರೇ ಚಂದ." ಬಟ್ಟಲುಗಳನ್ನು ತೆಗೆದುಕೊಂಡು ಪಕ್ಕಕ್ಕಿಟ್ಟರು. ಮುಚ್ಚಳ ಎತ್ತಿ ಮೂಸಿ ನೋಡಿದರು. ನಾನು ತಿರುಗಿ ಹೊರಟಿದ್ದೆ. ಅವರು ಮತ್ತೆ ನಾರು ಕೈಗೆತ್ತಿಕೊಂಡು, ತಲೆ ಎತ್ತದೆಯೇ ಹೇಳಿದರು:

"ಬೆಳಿಗ್ಗೆ ಸ್ಪೀಕರಿನಲ್ಲಿ ಕೇಳಿತು. ಈ ಸಲ ಹಾಡಿದ್ದು ಬೇರೆ ಯಾರೋ ಅಲ್ವಾ? ಪಾಪ, ನಡುವೆ ಉಸಿರು ಸಿಗದೆ ನಿಂತಾಗ ನೀವು ಹಿಡಿದುಕೊಟ್ಟದ್ದು ಒಳ್ಳೇದಾಯಿತು. ಮತ್ತೆ ನಿಮ್ಮ ಸ್ವರ ನನಗೆ ಗೊತ್ತಾಗುವುದಿಲ್ವಾ ಮಾರಾಯ್ರೆ, ದಿನಾ ಹೂ ಕೊಯ್ಯುವಾಗ ಕೇಳುವುದು."